ಆಷಾಢದ ಜ್ವರ ಬಾರದವಳಿಗೆ

ಮಧುಗಿರಿ,
ಕಾಳಯುಕ್ತಿ ಸಂವತ್ಸರದ ಆಶ್ವಯುಜ ಬಹುಳ ನವಮಿ, ಸೋಮವಾರ
(ಇಂಗ್ಲಿಷ್ ತಾರೀಖು ೨೮-೧೦-೧೯೧೮)

ಪ್ರೀತಿಯ ಮಗಳು ಚನ್ನಮಲ್ಲಿಗೆ, ಮಲ್ಲೇಶ್ವರನ ಪಾದ ನೆನೆದು ನಿನ್ನ ಅತ್ತೆ ಸಿದ್ದಗಂಗಮ್ಮ ಬರೆಯುವುದು.

ಮೊದಲು ನಿನ್ನ ಮೈ ಹೇಗಿದೆ ಹೇಳು. ವಾಂತಿ ನಿಂತಿತೇ? ಅನ್ನದ ವಾಸನೆ ಈಗಲಾದರೂ ಸೇರುತ್ತದೆಯೇ? ನನ್ನ ಲೆಕ್ಕಕ್ಕೆ ನಿನಗೆ ಈಗ ಐದನೆಯ ತಿಂಗಳು. ಹೊಟ್ಟೆಯೊಳಗೆ ಮೀನು ಹೊರಳಿದ ಹಾಗೆ ಆಗುವ ಕಾಲ, ಹೆದರಬೇಡ, ಅದು ಕೂಸು ಇದ್ದೇನೆ ಎಂದು ಹೇಳುವ ರೀತಿ. ರಾಗಿ ಅಂಬಲಿಗೆ ಮಜ್ಜಿಗೆ ಹಾಕಿಕೊಂಡು ಕುಡಿ. ನಿಮ್ಮೂರ ಬೆಟ್ಟದ ಮೇಲಿನ ಗುಡಿಗೆ ಹರಕೆ ಎಂದು ಹತ್ತಿಕೊಂಡು ಹೋಗಬೇಡ, ಕೆಳಗಿನಿಂದ ಕೈ ಮುಗಿದರೂ ಶಿವನಿಗೆ ಕಾಣುತ್ತದೆ. ಎಂಟನೆಯ ತಿಂಗಳಿಗೆ ಗರ್ಭಕ್ಕೆ ಲಿಂಗಧಾರಣೆ ಮಾಡಿಸಬೇಕಲ್ಲ, ಅದಕ್ಕೆ ಮಠದ ಅಯ್ಯನವರಿಂದ ಲಿಂಗವನ್ನು ಈಗಲೇ ತಂದು ದೇವರ ಗೂಡಿನಲ್ಲಿ ಇಟ್ಟಿದ್ದೇನೆ. ನಿಮ್ಮ ತಂದೆ ಮಹಾಲಿಂಗಯ್ಯನವರ ಮೊಣಕಾಲು ನೋವು ಹೇಗಿದೆ ಎಂದು ನಿಮ್ಮ ಮಾವನವರು ಕೇಳುತ್ತಿರುತ್ತಾರೆ, ಅದಕ್ಕೂ ಒಂದು ಮಾತು ಬರೆ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ಸುಳ್ಳು ಬರೆದು ದೇವರ ಹೆಸರು ಹಾಕಲಾರೆ. ನಮ್ಮ ಮನೆಯಲ್ಲಿ ನಾವು ಮೂವರೂ ಇದ್ದೇವೆ. ಊರು ಇಲ್ಲ ಎನ್ನುವಷ್ಟಾಗಿದೆ. ಸ್ಮಶಾನದಲ್ಲಿ ಗುಂಡಿ ತೋಡುವವರು ಸಿಗುವುದಿಲ್ಲ. ಬೆಳಿಗ್ಗೆ ಒಬ್ಬರಿಗೆಂದು ತೋಡಿದ ಗುಂಡಿ ಇನ್ನೊಬ್ಬರಿಗೆ ಆಗುತ್ತದೆ. ಮಲ್ಲೇಶ್ವರನ ಗುಡಿಯಲ್ಲಿ ಗಂಟೆ ಬಾರಿಸುವವನು ಹೋಗಿ ಅರ್ಚಕರೇ ಒಂದು ಕೈಯಲ್ಲಿ ಆರತಿ, ಇನ್ನೊಂದು ಕೈಯಲ್ಲಿ ಗಂಟೆ ಹಿಡಿದಿದ್ದಾರೆ. ನಾನು ಅಳುವುದನ್ನು ಬಿಟ್ಟು ಬಹಳ ದಿನವಾಯಿತು. ಅತ್ತು ಕೂತರೆ ಪಕ್ಕದ ಮನೆಗೆ ಗಂಜಿ ಕಾಯಿಸಿಕೊಡುವವರು ಯಾರು? ಅದಕ್ಕೇ ಇದೆಲ್ಲವನ್ನೂ ಸಂತೆಯ ಸುದ್ದಿ ಬರೆದ ಹಾಗೆ ಬರೆಯುತ್ತಿದ್ದೇನೆ, ಅತ್ತೆಯ ಮನಸ್ಸು ಕಲ್ಲು ಎಂದುಕೊಳ್ಳಬೇಡ.

ನಿನ್ನ ಕಾಗದ ಬಂತು. ಅದರಲ್ಲಿ ನೀನು ಸುತ್ತಿ ಬಳಸಿ ಕೇಳಿರುವುದು ಒಂದೇ ಮಾತು. ಆಷಾಢಕ್ಕೆ ತವರಿಗೆ ಹೋದ ಸೊಸೆಯನ್ನು ಶ್ರಾವಣದಲ್ಲಿ ಎಲ್ಲ ಅತ್ತೆಯರೂ ಕರೆಸಿಕೊಂಡರು, ನಮ್ಮ ಅತ್ತೆ ಮಾತ್ರ ಗಾಡಿ ಕಳಿಸಲಿಲ್ಲ, ನಾನು ಬೇಡವಾದೆನೇ ಎಂದು. ಊರ ಹೆಂಗಸರು ನಿನ್ನ ಕಿವಿಯಲ್ಲಿ ಏನೇನು ಊದಿರಬಹುದು ಎಂದು ನನಗೆ ಗೊತ್ತು, ನಾನೂ ಒಂದು ಕಾಲದಲ್ಲಿ ಸೊಸೆಯಾಗಿದ್ದವಳೇ. ಶ್ರಾವಣದಲ್ಲಿ ಕರೆಸದೆ ಇದ್ದದ್ದು ನಿನಗೆ ನೀರೂ ದಕ್ಕುತ್ತಿಲ್ಲ ಎಂದು ನಿಮ್ಮ ತಂದೆ ಬರೆದದ್ದಕ್ಕೆ. ಭಾದ್ರಪದದಲ್ಲಿ ಕರೆಸದೆ ಇದ್ದದ್ದು, ಈಗಲೂ ಕರೆಸದೆ ಇರುವುದು ಬೇರೆ ಕಾರಣಕ್ಕೆ. ಅದನ್ನು ಬಿಡಿಸಿ ಹೇಳುವುದಕ್ಕೇ ಈ ಕಾಗದ. ನಿಧಾನವಾಗಿ ಓದು. ಅಕ್ಷರ ಕೆಟ್ಟದಾಗಿದ್ದರೆ ಕ್ಷಮಿಸು. ಕೂಲಿಮಠದ ಅಯ್ಯ ನನಗೆ ಕಲಿಸಿದ್ದು ಮರಳಿನ ಮೇಲೆ ಬೆರಳಾಡಿಸುವುದನ್ನು, ಈ ಉಕ್ಕಿನ ಮುಳ್ಳಿನ ಲೇಖನಿ ನನ್ನ ಮಾತು ಕೇಳುವುದಿಲ್ಲ.

ನೀನು ಹೊರಟದ್ದು ಜ್ಯೇಷ್ಠದ ಕೊನೆಯಲ್ಲಿ. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಎಂದು ನಮ್ಮ ಬೀದಿಯ ಹೊಸ ಸೊಸೆಯರೆಲ್ಲ ಗಾಡಿ ಹತ್ತಿದರಲ್ಲ, ಅದಾದ ಸ್ವಲ್ಪ ದಿನಕ್ಕೇ ಊರಿಗೆ ಜ್ವರ ಬಂತು. ಅದು ಬಂದದ್ದು ಬೆಂಗಳೂರಿನ ರೈಲು ಇಳಿದು, ತುಮಕೂರು ಕೊರಟಗೆರೆಯ ದಾರಿಯಲ್ಲಿ. ಮೈಕೈ ಮುರಿದು ಹಾಕುವ ಜ್ವರ, ತಲೆ ಎತ್ತಲು ಬಿಡುತ್ತಿರಲಿಲ್ಲ, ಆದರೆ ಮೂರು ದಿನಕ್ಕೆ ಬಿಟ್ಟು ಹೋಗುತ್ತಿತ್ತು. ನಿಮ್ಮ ಮಾವನವರು ಮಲಗಿದರು, ನಿನ್ನ ಗಂಡ ನಾಗಲಿಂಗ ಮಲಗಿದ, ಕೊನೆಗೆ ನಾನೂ ಮಲಗಿದೆ. ನಮ್ಮ ಬಟ್ಟೆ ಅಂಗಡಿ ಬಾಗಿಲು ಹಾಕಿತ್ತು. ಸತ್ತವರು ಎಂದರೆ ಮೊದಲೇ ದಮ್ಮು ಇದ್ದ ಒಬ್ಬಿಬ್ಬರು ಮುದುಕರು, ಅಷ್ಟೆ. ಜನ ಅದನ್ನು ಹಾಸ್ಯ ಮಾಡಿಕೊಂಡು ಓಡಾಡಿದರು. ಹಾಲು ಹಾಕುವ ಲಕ್ಕಮ್ಮ ಕಂಬಳಿ ಹೊದ್ದುಕೊಂಡು ಬಂದು, "ಅಮ್ಮೋರೆ, ಜ್ವರ ನಂಗೆ ಬಂತು, ನಮ್ಮೆಮ್ಮೆಗೆ ಬರ್ಲಿಲ್ಲ, ಅದ್ಕೇ ನಿಮ್ಗೆ ಇವತ್ತು ಹಾಲು. ಎಮ್ಮೆಗೂ ಬಂದಿದ್ರೆ ನಾನೇ ಕೊಟ್ಗೇಲಿ ಕಟ್ಟಿಸ್ಕೊಂಡು ನಿಂತ್ಕೋಬೇಕಾಗಿತ್ತು" ಎಂದಳು. ನಾನು ಮಲಗಿದ್ದಲ್ಲಿಂದಲೇ ನಕ್ಕು ಕೆಮ್ಮಿದೆ.

ಶ್ರಾವಣ ಹುಟ್ಟಿತು, ಸೊಸೆಯರು ತವರಿನಿಂದ ಹಿಂದಿರುಗಿದರು. ಎದುರು ಮನೆಯ ಕಮಲಾಕ್ಷಮ್ಮನ ಸೊಸೆ ಶಿವರುದ್ರಮ್ಮ ನಿನಗೆ ಜ್ಞಾಪಕವಿರಬೇಕು, ನಿನ್ನ ಮದುವೆಯ ದಿನವೇ ಅವಳಿಗೂ ಮದುವೆಯಾದದ್ದು, ಬಾವಿಯ ಹತ್ತಿರ ನಿಮ್ಮಿಬ್ಬರದೂ ಒಂದೇ ಗುಸುಗುಸು. ಅವಳು ಕೊಳಾಲದಿಂದ ಬಂದಳು, ಮೈ ತುಂಬಿಕೊಂಡು. ಕಮಲಾಕ್ಷಮ್ಮ ಜಗಲಿಯ ಮೇಲೆ ಕೂತು ಬೀದಿಗೆಲ್ಲ ಕೇಳಿಸುವ ಹಾಗೆ, "ನಮ್ ಸೊಸೆ ಮಕ ನೋಡ್ರಮ್ಮ, ಜ್ವರ ಅವ್ಳ ನೆಳ್ಳನ್ನೂ ಮುಟ್ಲಿಲ್ಲ. ನಾವೆಲ್ಲ ಒಣಗಿದ ಬದ್ನೇಕಾಯಿ ಆಗೋಗಿದೀವಿ. ತವರು ಮನೆ ಪುಣ್ಯ ಕಣಮ್ಮ ಇದು!" ಎಂದಳು. ನಾವೂ ಹೌದೆಂದೆವು. ಆಷಾಢದ ಆಚಾರ ಮಾಡಿದವರು ಇದನ್ನೂ ಕಂಡೇ ಮಾಡಿದ್ದಾರೆ ಎಂದು ನಾನೇ ಲಕ್ಕಮ್ಮನಿಗೆ ವಿವರಿಸಿ ಹೇಳಿದೆ. ಜ್ವರ ಬಂದು ಎದ್ದವರು ದುರದೃಷ್ಟದವರು, ಬಾರದವರು ಪುಣ್ಯವಂತರು ಎಂದು ಊರೇ ತಿಳಿದಿತ್ತು.

ಎರಡನೆಯ ಜ್ವರ ಬಂದದ್ದು ಭಾದ್ರಪದದಲ್ಲಿ, ಸಿರಾ ಕಡೆಯಿಂದ. ಮುಂಬಯಿಯಿಂದ ಬರುವ ದೊಡ್ಡ ರಸ್ತೆ ಅಲ್ಲಿ ಹಾಯುತ್ತದಲ್ಲ. ಸಿರಾದ ಒಬ್ಬ ಸಾಬರು ಅಂಗಡಿಗೆ ಸರಕಿನ ಗಾಡಿ ತಂದವರು, ಒಳಗೆ ಬಂದು ಕೂರಿ ಎಂದರೂ ಕೂರದೆ ದೂರದಲ್ಲೇ ನಿಂತು, "ಬೇಡ ಅಮ್ಮಾ, ಇದು ಮೊದ್ಲಿನ ಬುಖಾರ್ ಅಲ್ಲ. ಮಕ ಎಲ್ಲ ನೀಲಿ ಆಗೋಗ್ತದೆ, ಬೆಳಗ್ಗೆ ಇದ್ದೋರು ಸಂಜೆಗೆ ಇಲ್ಲ. ದೂರ ಇರಿ" ಎಂದರು. ಅವರ ಮಾತನ್ನು ಯಾರು ಕೇಳಿದರು? ಪ್ಲೇಗಿನ ವರ್ಷ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದವರು ನಾವು. ನಮಗೆ ಗೊತ್ತಿರುವ ಮಾರಿ ಎಂದರೆ ಅದೊಂದೇ. ಹಿರಿಯರು ಅಟ್ಟ ಹತ್ತಿ ನೋಡಿದರು, ಕಾಳು ತುಂಬಿದ ಹಗೇವಿನ ಬಾಯಿ ನೋಡಿದರು, ಎಲ್ಲಿಯೂ ಇಲಿ ಬಿದ್ದಿರಲಿಲ್ಲ. "ಇಲಿ ಬೀಳ್ದೆ ಮಾರಿ ಬರ್ತದಾ, ಹೋಗ್ರೋ" ಎಂದು ಎಲ್ಲರೂ ಎಂದಿನ ಹಾಗೆ ಸಂತೆಗೆ ಹೋದರು. ಈ ಜ್ವರಕ್ಕೆ ಇಲಿ ಬೇಡ ಚನ್ನಮಲ್ಲಿ. ಸಂತೆಗೆ ಹೋಗುವವರ ಕಾಲೇ ಅದರ ಕಾಲು. ಬಡವನಹಳ್ಳಿಯಲ್ಲಿ ಒಂದು ಸಂತೆ ಆಯಿತು, ಮುಂದಿನ ಸಂತೆಗೆ ಸುತ್ತಿನ ಹಳ್ಳಿಗಳೆಲ್ಲ ಮಲಗಿದ್ದವು. ದಾರಿ ಬಿಟ್ಟು ಒಳಗಿರುವ ಊರುಗಳಿಗೆ ಇನ್ನೂ ಹೋಗಿಲ್ಲ. ನಿಮ್ಮೂರು ಅಂಥದ್ದು.

ಈಗ ಮುಖ್ಯವಾದ ಮಾತು. ಈ ಎರಡನೆಯ ಜ್ವರ ನಮ್ಮ ಮನೆಗೂ ಬಂತು. ಆದರೆ ಬಂದವರಿಗೆಲ್ಲ ಒಂದೇ ರೀತಿ ಬರಲಿಲ್ಲ. ನನಗೆ ಎರಡು ದಿನ ಗಂಟಲು ಕೆರೆದು ಹೋಯಿತು. ನಿಮ್ಮ ಮಾವನವರಿಗೆ ಅಷ್ಟೂ ಇಲ್ಲ. ಲಕ್ಕಮ್ಮ ಒಂದು ಬೆಳಿಗ್ಗೆ ಹಾಲು ತರಲಿಲ್ಲ, ಮಾರನೆಯ ದಿನ ಬಂದಳು. ಎದುರು ಮನೆಯಲ್ಲಿ ಶಿವರುದ್ರಮ್ಮನ ಗಂಡ ಆಷಾಢದಲ್ಲಿ ಮಲಗಿ ಎದ್ದವನು, ಈ ಸಲ ಬರೀ ಕೆಮ್ಮಿಕೊಂಡು ಓಡಾಡಿದ. ಕಮಲಾಕ್ಷಮ್ಮನೂ ಆಷಾಢದಲ್ಲಿ ಮಲಗಿದ್ದವಳೇ, ಅವಳಿಗೆ ಏನೂ ಆಗಲಿಲ್ಲ. ಆ ಮನೆಯಲ್ಲಿ ಹಿಂದೆ ಜ್ವರ ಬಾರದೆ ಇದ್ದವಳು ಸೊಸೆ ಒಬ್ಬಳೇ. ಅವಳು ಗಂಡನಿಗೆ ಕಷಾಯ ಕಾಯಿಸಿಕೊಟ್ಟಳು, ನಾಲ್ಕನೆಯ ದಿನ ನೀರು ಸೇದುತ್ತಿದ್ದವಳು ಹಗ್ಗ ಬಿಟ್ಟು ಕೂತಳು. ನಾನೇ ಹಿಡಿದುಕೊಂಡು ಹೋಗಿ ಮಲಗಿಸಿದೆ. ತುಟಿ, ಉಗುರು ನೇರಳೆ ಹಣ್ಣು ತಿಂದ ಹಾಗಿದ್ದವು. ಮೂಗಿನಲ್ಲಿ ರಕ್ತ ಬಂತು. "ಅತ್ತೇರಿಗೆ ಹೇಳ್ಬೇಡಿ, ಬಿಂದಿಗೆ ಬಾವೀಗೆ ಬಿದ್ದೋಯ್ತು" ಎಂದಳು. ಅದೇ ಅವಳು ನನ್ನ ಹತ್ತಿರ ಆಡಿದ ಕೊನೆಯ ಮಾತು. ಹತ್ತೊಂಬತ್ತು ತುಂಬಿರಲಿಲ್ಲ. ಕಮಲಾಕ್ಷಮ್ಮ ಈಗ ಜಗಲಿಗೆ ಬರುವುದಿಲ್ಲ.

ಅವಳೊಬ್ಬಳೇ ಆಗಿದ್ದರೆ ಶಿವನ ಇಚ್ಛೆ ಎಂದು ಸುಮ್ಮನಿರುತ್ತಿದ್ದೆ. ಆದರೆ ನಮ್ಮ ಬೀದಿಯಲ್ಲಿ ಆಷಾಢಕ್ಕೆ ತವರಿಗೆ ಹೋಗಿ ಬಂದ ಹೊಸ ಸೊಸೆಯರಲ್ಲಿ ಈಗ ಬಾವಿಗೆ ಬರುವವಳು ಒಬ್ಬಳೇ. ಆ ಒಬ್ಬಳು ಯಾರು ಎಂದರೆ ಕೊರಟಗೆರೆ ಪೇಟೆಯ ಹುಡುಗಿ, ಅವಳಿಗೆ ಆಷಾಢದ ಜ್ವರ ತವರಿನಲ್ಲೇ ಬಂದಿತ್ತಂತೆ. ನಾನು ಶಿವಪೂಜೆ ಬಿಟ್ಟವಳಲ್ಲ. ಆದರೆ ಶಿವ ಕೊಟ್ಟ ಕಣ್ಣನ್ನು ಮುಚ್ಚಿಕೊಂಡು ಶಿವಾ ಕಾಪಾಡು ಎಂದರೆ ಅವನಾದರೂ ಒಪ್ಪುತ್ತಾನೆಯೇ?

ಆಸ್ಪತ್ರೆಯ ಡಾಕ್ಟರು ಬೀದಿ ಬೀದಿಗೆ ಔಷಧದ ಸೀಸೆ ಹಿಡಿದು ಬರುತ್ತಾರೆ, ಪಾಪ, ನಿಂತಲ್ಲೇ ತೂಕಡಿಸುತ್ತಾರೆ. ಅವರನ್ನು ಕೇಳಿದೆ. ಆಷಾಢದ್ದೂ ಇದೂ ಒಂದೇ ಜ್ವರವೋ ಬೇರೆಯೋ ಎಂದು. ಅವರು, "ನಾವೂ ಅದನ್ನೇ ಮಾತಾಡ್ಕೋತಾ ಇದ್ದೀವಮ್ಮ. ಅಕ್ಕತಂಗಿಯರು ಇರಬಹುದು. ಮೊದಲು ಬಂದ ಅಕ್ಕ ಸಾಧು, ಹಿಂದಿನಿಂದ ಬಂದ ತಂಗಿ ಘಾಟಿ. ಅಕ್ಕ ಬಂದು ಹೋದ ಮೈಯನ್ನ ತಂಗಿ ಅಷ್ಟಾಗಿ ಹಿಂಸೆ ಮಾಡ್ತಾ ಇಲ್ಲ ಅನ್ನೋದನ್ನ ನಾನೂ ಕಂಡಿದೀನಿ. ಹಾಗಂತ ಬರೆದುಕೊಡು ಅಂದ್ರೆ ಕೊಡಲಾರೆ, ಅಕ್ಕ ಬಂದ ಮೇಲೂ ಹೋದವರಿದ್ದಾರೆ" ಎಂದರು. ಬಸುರಿಯರಿಗೆ ಹೇಗೆ ಎಂದು ಕೇಳಿದ್ದಕ್ಕೆ ಅವರು ಸೀಸೆಗೆ ಬಿರಟೆ ಹಾಕಿ ಮುಂದಿನ ಮನೆಯ ಕಡೆ ತಿರುಗಿದರು. ನಾನು ಎರಡನೆಯ ಸಲ ಕೇಳಲಿಲ್ಲ.

ಈಗ ನೀನೇ ಲೆಕ್ಕ ಹಾಕಿಕೋ. ಅಕ್ಕ ಇಲ್ಲಿಗೆ ಬಂದಾಗ ನೀನು ನಿಡುಗಲ್ಲಿನಲ್ಲಿದ್ದೆ. ನಿಮ್ಮೂರಿಗೆ ಅಕ್ಕನೂ ಬರಲಿಲ್ಲ, ತಂಗಿಯೂ ಬಂದಿಲ್ಲ. ನಿನ್ನ ಮೈಗೆ ಈ ಜ್ವರದ ಗುರುತೇ ಇಲ್ಲ. ಅದರ ಮೇಲೆ ಎರಡು ಜೀವ. ನೀನು ಬೇಡವಾದದ್ದಕ್ಕೆ ನಾನು ಗಾಡಿ ಕಳಿಸಲಿಲ್ಲವೇ, ಬೇಕಾದದ್ದಕ್ಕೇ ಕಳಿಸಲಿಲ್ಲವೇ, ಯೋಚನೆ ಮಾಡು. ನೀನು ಕೋಪ ಮಾಡಿಕೊಂಡಾದರೂ ಅಲ್ಲಿ ಇರು. ಇದ್ದರೆ ತಾನೇ ಕೋಪ.

ದೀಪಾವಳಿಯ ವಿಷಯ. ಮೊದಲ ದೀಪಾವಳಿಗೆ ಅಳಿಯನನ್ನು ಕಳಿಸಿ ಎಂದು ನಿಮ್ಮ ತಂದೆ ಬಹಳ ಗೌರವದಿಂದ ಬರೆದಿದ್ದರು. ನಮ್ಮಲ್ಲಿ ಈ ವಾರವೆಲ್ಲ ಅದೇ ಜಗಳ. ನಿಮ್ಮ ಮಾವನವರು, "ಮೊದಲ್ನೇ ಹಬ್ಬಕ್ಕೆ ಅಳಿಯ ಹೋಗ್ದಿದ್ರೆ ಬೀಗರ ಮಕಕ್ಕೆ ಮಸಿ ಬಳ್ದಂಗೆ ಕಣೇ. ಶೀತಕ್ಕೆ ಹೆದ್ರಿ ಹಬ್ಬ ಬಿಟ್ರು ಅಂತ ನಿಡುಗಲ್ ನಾಯಿಗಳೂ ನಗ್ತವೆ" ಎಂದರು. ಶೀತ ಎಂದದ್ದು ಯಾಕೆ ಎಂದರೆ ನಾಗಲಿಂಗನಿಗೆ ಈಗ ಎರಡನೆಯ ಸಲದ್ದು ಬಂದಿದೆ. ಹೆದರಬೇಡ, ಆಷಾಢದಲ್ಲಿ ಪೂರ್ತಿ ಮಲಗಿದ್ದವನು, ಈಗ ಮೂರು ನಾಲ್ಕು ದಿನದಿಂದ ಸ್ವಲ್ಪ ಮೈ ಬಿಸಿ, ಕೆಮ್ಮು. ಊಟ ಮಾಡುತ್ತಾನೆ, ಅಂಗಡಿಯಲ್ಲಿ ಕೂರುತ್ತಾನೆ. ಅವನೂ, "ಅವ್ವಾ, ನಾನೇನು ಮಲಗಿದೀನಾ? ಶುಂಠಿ ಕಷಾಯಕ್ಕೆ ಹೋಗೋ ಕೆಮ್ಮಿಗೆ ನೀನು ಊರೆಲ್ಲ ಡಂಗುರ ಹೊಡಿಸ್ತೀಯಲ್ಲ" ಎಂದ. ನಾನು ಒಂದೇ ಮಾತು ಹೇಳಿದೆ. ಶಿವರುದ್ರಮ್ಮನ ಗಂಡನೂ ಬರೀ ಕೆಮ್ಮಿದ್ದು ಎಂದೆ. ಅವನು ಎಲೆ ಬಿಟ್ಟು ಎದ್ದು ಕೈ ತೊಳೆದ. ನಿನ್ನೆ ಸಂಜೆ ತಾನಾಗಿಯೇ ಬಂದು, ಆಗಲಿ ಅವ್ವಾ, ಹಬ್ಬ ಇನ್ನೊಂದು ವರ್ಷ ಮಾಡೋಣ ಎಂದ. ಒಪ್ಪಿದ್ದಾನೆ. ಹುಡುಗ ಒಳ್ಳೆಯವನು, ಹೆತ್ತವಳೆಂದು ಹೇಳುತ್ತಿಲ್ಲ. ನಿನ್ನನ್ನು ನೋಡದೆ ಅವನಿಗೆ ಸುಖವಿಲ್ಲ ಎನ್ನುವುದು ಅಂಗಡಿಗೆ ಬರುವ ಗಿರಾಕಿಗಳಿಗೂ ಗೊತ್ತಾಗುತ್ತದೆ. ಗಜಕ್ಕೆ ಮೂರು ಬೆರಳು ಹೆಚ್ಚಾಗಿಯೇ ಬಟ್ಟೆ ಹರಿದು ಕೊಡುತ್ತಿದ್ದಾನೆ ಎಂದು ನಿಮ್ಮ ಮಾವನವರು ಬಯ್ಯುತ್ತಾರೆ. ನೀನು ಬಾಯಿ ತಪ್ಪಿ ತೆಲುಗಿನಲ್ಲಿ ಕೂಗುವುದನ್ನು ಅಣಕಿಸಿ ನಗುತ್ತಿದ್ದವನು ಈಗ ತಾನೇ ಒಂದೊಂದು ಸಲ ನೀರಿಗೆ ನೀಳ್ಳು ಕೊಡವ್ವಾ ಎನ್ನುತ್ತಾನೆ.

ಆದ್ದರಿಂದ ಅವನು ಬರುವುದಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ಈ ಕಾಗದವನ್ನು ನಮ್ಮ ಅಂಗಡಿಯ ಗಂಗಹನುಮಯ್ಯನ ಕೈಯಲ್ಲಿ ನಾಳೆ ಬೆಳಿಗ್ಗೆ ಕಳಿಸುತ್ತೇನೆ. ಅಂಚೆಯನ್ನು ನಂಬುವಂತಿಲ್ಲ, ಅಂಚೆ ಚೀಲ ಹೊತ್ತು ಓಡುವವರೇ ಮಲಗಿದ್ದಾರೆ. ಗಂಗಹನುಮಯ್ಯನಿಗೆ ಎರಡೂ ಬಂದು, ಬಿಟ್ಟು ತಿಂಗಳು ಮೀರಿದೆ, ಅದನ್ನು ವಿಚಾರಿಸಿಯೇ ಆರಿಸಿದ್ದೇನೆ. ಆದರೂ ಅವನನ್ನು ಒಳಗೆ ಕರೆಯಬೇಡಿ. ಕಾಗದವನ್ನು ಜಗಲಿಯ ಮೇಲಿಟ್ಟು ಅವನು ದೂರ ಹೋಗಲಿ, ಬಿಸಿಲಿಗೆ ಹಾಕಿ ಆಮೇಲೆ ತೆಗೆದುಕೋ. ಇದನ್ನು ಓದುತ್ತಿದ್ದೀಯೆ ಎಂದರೆ ಬಿಸಿಲಿಗೆ ಹಾಕದೆಯೇ ತೆಗೆದಿದ್ದೀಯೆ ಎಂದು ನನಗೆ ಗೊತ್ತು, ಕೈಯನ್ನಾದರೂ ತೊಳೆದುಕೋ. ನಿಮ್ಮ ತಂದೆಯವರಿಗೆ, ಸಂತೆಗೆ ಆಳು ಕಳಿಸುವುದನ್ನು ಕಾರ್ತಿಕ ಕಳೆಯುವವರೆಗೆ ನಿಲ್ಲಿಸಬೇಕು ಎಂದು ನಾನು ಕೇಳಿಕೊಂಡೆ ಎಂದು ಹೇಳು. ಉಪ್ಪು ಇದ್ದರೆ ಸಾಕು, ಉಳಿದದ್ದಿಲ್ಲದೆ ಬದುಕಬಹುದು. ಹೊರಗಿನ ಜಂಗಮರು ಬಂದರೆ ಭಿಕ್ಷೆಯನ್ನು ಹೊಸಿಲಿನ ಹೊರಗೆ ಇಟ್ಟು ಕೈ ಮುಗಿಯಿರಿ. ಪಾದೋದಕ ತೆಗೆದುಕೊಳ್ಳದಿದ್ದರೆ ಪಾಪ ಬರುವುದಾದರೆ ಅದು ನನಗೆ ಬರಲಿ, ಬರೆದು ಕೊಟ್ಟಿದ್ದೇನೆ.

ನಿಮ್ಮ ತಂದೆ ತಾಯಿಗೆ ನಮ್ಮಿಬ್ಬರ ಶರಣು. ನಿನಗೂ ಒಳಗಿರುವ ಕೂಸಿಗೂ ಮಲ್ಲೇಶ್ವರನ ವಿಭೂತಿಯ ಬಲವಿರಲಿ. ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸುವ,

ನಿನ್ನ ಅತ್ತೆ
ಸಿದ್ದಗಂಗಮ್ಮ

ಮರೆತ ಮಾತಲ್ಲ, ಈಗ ಆದದ್ದು. ಕಾಗದ ಮಡಿಸುತ್ತಿದ್ದೆ. ಬಡವನಹಳ್ಳಿಯ ಅಂಗಡಿಯವರಿಗೆ ಬಟ್ಟೆಯ ಗಂಟು ಕೊಟ್ಟು ಬರುತ್ತೇನೆ ಎಂದು ನಾಗಲಿಂಗ ಬೆಳಿಗ್ಗೆ ಗಾಡಿ ಕಟ್ಟಿದ್ದ. ಈಗ ಪೆಟ್ಟಿಗೆ ತೆಗೆದರೆ ಹಬ್ಬಕ್ಕೆ ನಿನಗೆಂದು ತೆಗೆದಿಟ್ಟಿದ್ದ ಸೀರೆ ಇಲ್ಲ. ನಿಮ್ಮ ಮಾವನವರನ್ನು ಕೇಳಿದರೆ ಗೋಡೆ ನೋಡುತ್ತಾರೆ. ಅಪ್ಪ ಮಗ ಸೇರಿ ಮಾಡಿದ್ದಾರೆ. ಅವನು ನಿಡುಗಲ್ಲಿಗೆ ಬರುತ್ತಿದ್ದಾನೆ, ಕೆಮ್ಮಿಕೊಂಡೇ. ಗಾಡಿ ಇವತ್ತು ರಾತ್ರಿ ಬಡವನಹಳ್ಳಿಯಲ್ಲಿ ನಿಲ್ಲುತ್ತದೆ. ಗಂಗಹನುಮಯ್ಯನನ್ನು ನಾಳೆಗೆ ಕಾಯದೆ ಈಗಲೇ ಮಿಡಿಗೇಶಿಯ ದಾರಿಯಲ್ಲಿ ಓಡಿಸುತ್ತಿದ್ದೇನೆ, ಅವನು ಮುಂಚೆ ಮುಟ್ಟುತ್ತಾನೆ. ನಿಮ್ಮ ತಂದೆ ಅಳಿಯನನ್ನು ಬಾಗಿಲಲ್ಲಿ ನಿಲ್ಲಿಸುವವರಲ್ಲ, ನಿಮ್ಮ ತಾಯಿ ಎಣ್ಣೆ ಕಾಯಿಸಿ ಕೂತಿರುತ್ತಾರೆ. ಅದಕ್ಕೇ ನಿನಗೆ ಹೇಳುತ್ತಿದ್ದೇನೆ, ನೀನೇ ನಿಲ್ಲಿಸಬೇಕು. ನಿಮ್ಮ ಜಗಲಿಗೆ ಕಾಣುವ ಊರ ಹೊರಗಿನ ತೋಪಿನಲ್ಲಿ ಚಪ್ಪರ ಹಾಕಿಸಿ ಅವನನ್ನು ಅಲ್ಲೇ ಇಳಿಸಿ. ಅಡುಗೆಯನ್ನು ಆಳು ದೂರದಲ್ಲಿಟ್ಟು ಬರಲಿ. ಕೆಮ್ಮು ಪೂರ್ತಿ ನಿಂತು ಎರಡು ವಾರವಾಗುವವರೆಗೆ ಯಾರೂ ಹತ್ತಿರ ಹೋಗಬಾರದು, ನೀನಂತೂ ಹೋಗಲೇಬಾರದು. ಸಿಟ್ಟು ಮಾಡಿದರೆ ಹೆತ್ತವಳ ಆಣೆ ಎನ್ನು. ಗಂಡನನ್ನು ಹೊರಗೆ ನಿಲ್ಲಿಸಿದವಳು ಎಂದು ಊರು ಆಡಿದರೆ, ನಿಲ್ಲಿಸಿದ್ದು ಅವನ ತಾಯಿ ಎಂದು ಈ ಕಾಗದ ತೋರಿಸು. ನೋಡಬೇಡ ಎಂದು ಬರೆಯಲು ಕೈ ಬರಲಿಲ್ಲ. ಅವನು ತೋಪಿನ ಅಂಚಿಗೆ ಬಂದು ನಿಲ್ಲಲಿ, ನೀನು ಜಗಲಿಯ ಮೇಲೆ ನಿಲ್ಲು, ಮುಖ ನೋಡಿಕೊಳ್ಳಿ. ಗಾಳಿ ಅವನ ಕಡೆಯಿಂದ ಬೀಸುತ್ತಿದ್ದರೆ ಒಳಗೆ ಹೋಗಿ ಬಾಗಿಲು ಹಾಕಿಕೋ.